ಮಗಳ ತೂಕ: ಅಂಕಿ ಒಂದೇ, ಅರ್ಥ ಎರಡು

ಧರೂರು, ಗದ್ವಾಲ ಕಡೆಯ ಬೀಜಹತ್ತಿ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಬೆಳಿಗ್ಗೆಯೇ ಹೋಗಬೇಕು. ಹುಡುಗಿಯರು ಎಷ್ಟೋ ಸಲ ಉಣ್ಣದೆ ಹೊರಡುತ್ತಾರೆ. (ಹದಿನಾಲ್ಕು ತುಂಬದವಳನ್ನು ಕೆಲಸಕ್ಕೆ ಒಯ್ಯುವುದೇ ತಪ್ಪು, ಅದು ಬೇರೆ ಮಾತು.) ಮಗಳು ಸೊರಗಿದ್ದಾಳೆಯೇ ಎಂದು ತಿಳಿಯಲು ನಾವು ಬಿ.ಎಂ.ಐ. ಲೆಕ್ಕ ಹಾಕೋಣ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ. 36 ಕಿಲೋ, ಒಂದೂವರೆ ಮೀಟರ್ ಇದ್ದರೆ 16.

ದೊಡ್ಡವರಿಗೆ 18.5ಕ್ಕಿಂತ ಕಡಿಮೆಯಾದರೆ ಕೃಶತೆ. ಬೆಳೆಯುವ ಮಕ್ಕಳಿಗೆ ಆ ಗೆರೆ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯಲ್ಲಿ ಹುಡುಗಿಯರ ಕೃಶತೆಯ ಗೆರೆ 13 ತುಂಬಿದಾಗ 14.9, 17 ತುಂಬಿದಾಗ 16.4. ಹಾಗಾಗಿ 16 ಎಂಬುದು ತಂಗಿಗೆ ಸಾಕು, ಅಕ್ಕನಿಗೆ ಸಾಲದು.

ರಕ್ತಹೀನತೆಯನ್ನು ಈ ಲೆಕ್ಕ ಹೇಳದು, ಮೈತುಂಬಿಕೊಂಡವಳಿಗೂ ಅದಿರಬಹುದು. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದೆಯೇ ಎಂದು ಆಸ್ಪತ್ರೆಯಲ್ಲಿ ನೋಡಿಸಿ. ಬೆಳಿಗ್ಗೆ ಒಂದು ಜೋಳದ ರೊಟ್ಟಿ, ಬೇಳೆ, ಹಿಡಿ ಶೇಂಗಾ ತಿಂದೇ ಅವಳು ಹೊರಡಲಿ.