ಆದಾಯ ತೆರಿಗೆಯ ವಿವರಪಟ್ಟಿಯೂ ಜಮೀನುದಾರರೂ

"ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂಬ ಗಾದೆಯನ್ನು ಅರಿಯದ ಬೇಸಾಯಗಾರನಿಲ್ಲ. ಉಳುಮೆ ಬಿತ್ತನೆಗಳಲ್ಲಿ ಈ ಮಾತನ್ನು ತಪ್ಪದೆ ನಡೆಸುವ ಯಜಮಾನರೇ, ಆದಾಯ ತೆರಿಗೆಯ ವಿಷಯ ಬಂದೊಡನೆ ಕಾಗದಗಳ ಕಟ್ಟನ್ನು ಪೇಟೆಯ ಲೆಕ್ಕಿಗನ ಕೈಗೆ ಕೊಟ್ಟು, ಮುಂದೇನಾಯಿತೆಂದು ವಿಚಾರಿಸದೆ ಸುಮ್ಮನಿರುವುದುಂಟು. ಈಗ ಅಂತರ್ಜಾಲದ ಮೂಲಕ ತಮ್ಮ ವಿವರಪಟ್ಟಿಯನ್ನು, ಎಂದರೆ ರಿಟರ್ನನ್ನು, ತಾವೇ ಒಪ್ಪಿಸುವ ಅನುಕೂಲವಿರುವುದರಿಂದ, ಈ ಎರಡು ಮಾರ್ಗಗಳಲ್ಲಿ ಯಾರಿಗೆ ಯಾವುದು ಯುಕ್ತವೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ವ್ಯವಸಾಯದ ಆದಾಯಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆಯಿಲ್ಲ. 1961ನೆಯ ಇಸವಿಯ ಕಾಯಿದೆಯಲ್ಲಿದ್ದ ಈ ವಿನಾಯಿತಿಯನ್ನು, 2026ನೆಯ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಕಾಯಿದೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ. ಆದರೆ ಹೊಲದಿಂದ ಬಂದುದೆಲ್ಲವೂ, ಕೊಟ್ಟಿಗೆಯಿಂದ ಬಂದುದೆಲ್ಲವೂ ವ್ಯವಸಾಯದ ಆದಾಯವೆಂದು ಭಾವಿಸತಕ್ಕದ್ದಲ್ಲ. ಬೆಳೆಯ ಮಾರಾಟದ ಹಣ, ಸಾಗುವಳಿಗೆ ಕೊಟ್ಟ ಜಮೀನಿನ ಗುತ್ತಿಗೆ, ಸಸಿಮಡಿಯ ಸಸಿಗಳ ಮಾರಾಟ ಇವು ವ್ಯವಸಾಯದ ಆದಾಯಗಳು. ಹಾಲಿನ ಮಾರಾಟ, ಕೋಳಿ ಸಾಕಣೆ, ಟ್ರ್ಯಾಕ್ಟರಿನ ಬಾಡಿಗೆ, ಬ್ಯಾಂಕಿನ ಬಡ್ಡಿ ಇವು ಅಲ್ಲ.

ತೆರಿಗೆಯಿಲ್ಲವೆಂದ ಮಾತ್ರಕ್ಕೆ ತಿಳಿಸಬೇಕಾಗಿಲ್ಲವೆಂದೂ ಅರ್ಥವಲ್ಲ. ವ್ಯವಸಾಯದ ನಿವ್ವಳ ಆದಾಯವು 5,000 ರೂಪಾಯಿಗಳನ್ನು ಮೀರಿ, ಇತರ ಆದಾಯವೂ ತೆರಿಗೆಯಿಲ್ಲದ ಮಿತಿಯನ್ನು ದಾಟಿದ್ದರೆ, ದರವನ್ನು ನಿಶ್ಚಯಿಸಲು ಎರಡನ್ನೂ ಕೂಡಿಸಿ ನೋಡುವ ಕ್ರಮವುಂಟು. ದೃಷ್ಟಾಂತವಾಗಿ, 2025-26ನೆಯ ಸಾಲಿನ ಹೊಸ ಪದ್ಧತಿಯ ದರಗಳಂತೆ, ಒಬ್ಬ ಜಮೀನುದಾರರಿಗೆ ಬಾಡಿಗೆ, ಪಿಂಚಣಿಗಳಿಂದ ಕಡಿತಗಳು ಕಳೆದು 13,50,000 ರೂಪಾಯಿ, ಬೇಸಾಯದಿಂದ ನಿವ್ವಳ 2,50,000 ರೂಪಾಯಿ ಬಂದಿತೆಂದು ಇಟ್ಟುಕೊಳ್ಳೋಣ. ಎರಡೂ ಸೇರಿದ 16,00,000ಕ್ಕೆ ತೆರಿಗೆ 1,20,000. ತೆರಿಗೆಯಿಲ್ಲದ ಮಿತಿಯಾದ 4,00,000ಕ್ಕೆ ಬೇಸಾಯದ ಆದಾಯವನ್ನು ಕೂಡಿಸಿದ 6,50,000ಕ್ಕೆ ತೆರಿಗೆ 12,500. ಎರಡರ ವ್ಯತ್ಯಾಸವಾದ 1,07,500 ರೂಪಾಯಿಗಳೇ, ಸೆಸ್ಸನ್ನು ಬಿಟ್ಟು, ಕೊಡಬೇಕಾದ ತೆರಿಗೆ. ಬೇಸಾಯದ ಆದಾಯವನ್ನು ತಿಳಿಸದೆ ಬಿಟ್ಟರೆ ಲೆಕ್ಕವು 82,500ಕ್ಕೆ ಇಳಿಯುವುದು. ಈ 25,000 ರೂಪಾಯಿಗಳ ಕೊರತೆಯು ಮುಂದೆ ಬಡ್ಡಿ ದಂಡಗಳೊಡನೆ ಯಜಮಾನರ ಮೇಲೆಯೇ ಬೀಳುವುದಲ್ಲದೆ, ಪಟ್ಟಿ ಬರೆದವನ ಮೇಲಲ್ಲ.

ಪಿಂಚಣಿ, ಬಡ್ಡಿ, ಮನೆಬಾಡಿಗೆಗಳಷ್ಟೇ ಇರುವವರು ಸ್ವತಃ ಪಟ್ಟಿಯನ್ನು ಒಪ್ಪಿಸಬಹುದು. ಸರ್ಕಾರದ ಜಾಲತಾಣದಲ್ಲಿ ಇದಕ್ಕೆ ಶುಲ್ಕವಿಲ್ಲ. 'ಸಹಜ್' ಎಂಬ ಸರಳ ನಮೂನೆಯು ವ್ಯವಸಾಯದ ಆದಾಯ 5,000 ರೂಪಾಯಿ ಮೀರದವರಿಗೆ ಮಾತ್ರ. ಮೀರಿದರೆ ಮುಂದಿನ ನಮೂನೆಯನ್ನು ಆರಿಸತಕ್ಕದ್ದು. ಈ ಆದಾಯ 5 ಲಕ್ಷವನ್ನು ಮೀರಿದಲ್ಲಿ ಜಮೀನಿರುವ ಜಿಲ್ಲೆ, ಎಕರೆಗಳ ವಿಸ್ತೀರ್ಣ, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಯವೋ ಎಂಬುದನ್ನೂ ತುಂಬಬೇಕು. ಮೇಲೆ ಹೇಳಿದ ಕೂಡಿಸುವ ಲೆಕ್ಕವನ್ನು ಯಂತ್ರವೇ ಮಾಡುವುದು. ಆದರೆ ಬೀಜ, ಗೊಬ್ಬರ, ಕೂಲಿಗಳ ಖರ್ಚನ್ನು ಅದು ಅರಿಯದು. ಅದನ್ನು ಯಜಮಾನರ ಖಾತೆ ಪುಸ್ತಕವೇ ಹೇಳಬೇಕು.

ಕೆಲವು ಸಂದರ್ಭಗಳಲ್ಲಿ ನುರಿತ ಲೆಕ್ಕಪರಿಶೋಧಕರಿಗೆ ಕೊಡುವ ಹಣವು ನಷ್ಟವಲ್ಲ. ಮೊದಲನೆಯದು, ಜಮೀನಿನ ವಿಕ್ರಯ. ಪಟ್ಟಣದ ಜನಸಂಖ್ಯೆಗೆ ತಕ್ಕಂತೆ ಅದರ ಎಲ್ಲೆಯಿಂದ 2, 6 ಅಥವಾ 8 ಕಿಲೋಮೀಟರಿನೊಳಗಿರುವ ಸಾಗುವಳಿ ಜಮೀನನ್ನು ಮಾರಿದರೆ ಬಂದ ಲಾಭಕ್ಕೆ ತೆರಿಗೆಯುಂಟಾಗಬಹುದು. ಅದರಾಚೆಯ ಹಳ್ಳಿಯ ಜಮೀನಿಗೆ ಇಲ್ಲ. ದೂರವನ್ನು ರಸ್ತೆಯ ಮೇಲಲ್ಲದೆ ನೇರವಾಗಿ ಅಳೆಯುವರು. ಎರಡನೆಯದು, ಕೊಡಗು, ಹಾಸನ, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರ ವಿಷಯ. 1962ರ ನಿಯಮಗಳಂತೆ, ತಾವು ಬೆಳೆದ ಕಾಫಿಯನ್ನು ತಾವೇ ಸಂಸ್ಕರಿಸಿ ಮಾರಿದರೆ ಆದಾಯದಲ್ಲಿ ನೂರಕ್ಕೆ 25 ಭಾಗವನ್ನೂ, ಹುರಿದು ಪುಡಿಮಾಡಿ ಮಾರಿದರೆ ನೂರಕ್ಕೆ 40 ಭಾಗವನ್ನೂ ವ್ಯಾಪಾರದ ಆದಾಯವೆಂದು ಗೊತ್ತುಮಾಡಿದ್ದಿತು. ಇಂತಹ ಲೆಕ್ಕವನ್ನು ಊಹೆಯಿಂದ ಬರೆಯುವುದು ಅಪಾಯಕರ.

ಲೆಕ್ಕಿಗರೆಲ್ಲರೂ ಒಂದೇ ಬಗೆಯವರಲ್ಲ. "ಕಡಿತವಾದ ತೆರಿಗೆಯನ್ನೆಲ್ಲ ಹಿಂದಕ್ಕೆ ಕೊಡಿಸುವೆನು, ಬಂದುದರಲ್ಲಿ ಇಷ್ಟು ಪಾಲು ಕೊಡಿ" ಎನ್ನುವ ಮಧ್ಯವರ್ತಿಯು ಇಲ್ಲದ ಕಡಿತಗಳನ್ನೂ, ಬೆಳೆಯದ ಬೆಳೆಯ ಆದಾಯವನ್ನೂ ಪಟ್ಟಿಯಲ್ಲಿ ಸೇರಿಸಬಹುದು. ಅವನು ಪಾಲು ಪಡೆದು ಹೋಗುವನು. ನೋಟೀಸು ಬರುವುದು ಯಜಮಾನರ ಮನೆಗೆ. ಗ್ರಾಮದ ಮುಖಂಡರು ತಮ್ಮವರನ್ನು ಈ ಬಗ್ಗೆ ಎಚ್ಚರಿಸಿದರೆ ದೊಡ್ಡ ಉಪಕಾರವಾಗುವುದು.

ಯಾವ ಮಾರ್ಗವನ್ನು ಹಿಡಿದರೂ ಈ ನಾಲ್ಕು ಕ್ರಮಗಳನ್ನು ಪಾಲಿಸತಕ್ಕದ್ದು:

(1) ಮಂಡಿಯ ಚೀಟಿಗಳು, ಗೊಬ್ಬರದ ರಸೀತಿಗಳು, ಕೂಲಿಯ ಲೆಕ್ಕ, ಪಹಣಿ ಇವನ್ನು ವರ್ಷವಾರು ಕಟ್ಟಿಡುವುದು.

(2) ಜಾಲತಾಣದಲ್ಲಿ ದೊರೆಯುವ ವಾರ್ಷಿಕ ಮಾಹಿತಿಪಟ್ಟಿಯಲ್ಲಿ ಬ್ಯಾಂಕಿನ ಬಡ್ಡಿಯೂ ಕಡಿತವಾದ ತೆರಿಗೆಯೂ ಸರಿಯಾಗಿವೆಯೇ ಎಂದು ತಾಳೆ ನೋಡುವುದು.

(3) ಗುಪ್ತಪದವನ್ನು ತಮ್ಮಲ್ಲಿಯೇ ಇಟ್ಟುಕೊಂಡು, ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನೂ ಬ್ಯಾಂಕಿನ ಖಾತೆಯನ್ನೂ ನಮೂದಿಸುವುದು.

(4) ಪಟ್ಟಿಯನ್ನು ಪೂರ್ತಿ ಓದಿದ ಮೇಲೆಯೇ ಒಪ್ಪಿಗೆ ಕೊಟ್ಟು, ಕಳುಹಿಸಿದ 30 ದಿನಗಳೊಳಗೆ ದೃಢೀಕರಿಸಿ, ಸ್ವೀಕೃತಿಯ ಪ್ರತಿಯನ್ನು ಪಡೆಯುವುದು.

ವ್ಯಾಪಾರವಿಲ್ಲದವರಿಗೆ ಕೊನೆಯ ದಿನವು ಸಾಮಾನ್ಯವಾಗಿ ಜುಲೈ 31. ತಡವಾದರೆ 5,000 ರೂಪಾಯಿಗಳವರೆಗೆ ಶುಲ್ಕ ತೆರಬೇಕಾಗುವುದು. ಮುಂಗಾರಿನ ಕೆಲಸ ತುಂಬಿರುವ ಆ ತಿಂಗಳಲ್ಲಿ ಕಾಗದಗಳನ್ನು ಹುಡುಕುವುದಕ್ಕಿಂತ, ಬೇಸಗೆಯ ಬಿಡುವಿನಲ್ಲಿಯೇ ಲೆಕ್ಕವನ್ನು ಸಿದ್ಧಪಡಿಸುವುದು ಲೇಸು. ಉಳುವ ಕೆಲಸವನ್ನು ಆಳಿಗೆ ಒಪ್ಪಿಸಿದರೂ ಯಜಮಾನನು ಬದುವಿನ ಮೇಲೆ ನಿಂತು ಸಾಲುಗಳನ್ನು ನೋಡುವನು. ಲೆಕ್ಕದ ಸಾಲುಗಳನ್ನೂ ಹಾಗೆಯೇ ನೋಡತಕ್ಕದ್ದು.