ಕಾಲಡಿಯ ಬೆಂಕಿ

ತಲೆಗೆ ಮಫ್ಲರು ಸುತ್ತಿ, ಮೈತುಂಬ ಶಾಲು ಹೊದ್ದವನೂ ಬೆಳಗಿನ ಜಾವದಲ್ಲಿ ಹಾಸುಗಲ್ಲಿನ ಮೇಲೆ ಬರಿಗಾಲಿಟ್ಟೊಡನೆ ಬೆಚ್ಚುತ್ತಾನೆ. ಬಸವಕಲ್ಯಾಣ, ಹುಮನಾಬಾದುಗಳ ಸೀಮೆಯವರಿಗೆ ಈ ಅನುಭವವನ್ನು ವಿವರಿಸಬೇಕಾಗಿಲ್ಲ. ಸಮುದ್ರಮಟ್ಟದಿಂದ 2,000 ಅಡಿ ಎತ್ತರದ ಬಯಲು, ಕಡಲಗಾಳಿಯ ಹದ ಮುಟ್ಟದ ಒಳನಾಡು, ಮೋಡವಿಲ್ಲದ ಆಕಾಶ. ಹಗಲೆಲ್ಲ ಕಾಯ್ದ ನೆಲ ರಾತ್ರಿಯಲ್ಲಿ ತನ್ನ ಕಾವನ್ನು ಆ ಆಕಾಶಕ್ಕೆ ಒಪ್ಪಿಸಿಬಿಡುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಬೀದರ ಜಿಲ್ಲೆಯ ಉಷ್ಣಮಾನ 10 ಡಿಗ್ರಿಗಿಂತ ಕೆಳಗಿಳಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವಂಥದು.

ಈ ಕಡೆಯ ಬಹುಪಾಲು ಮನೆಗಳ ನೆಲಕ್ಕೆ ಶಹಾಬಾದಿನ ಕಲ್ಲು. ಬೇಸಗೆಯ ಬೇಗೆಯಲ್ಲಿ ಅದು ವರ. ಪುಷ್ಯಮಾಸದಲ್ಲಿ ಅದೇ ಶಾಪ. ಕಲ್ಲು ಕೋಣೆಯ ಗಾಳಿಗಿಂತ ಹೆಚ್ಚು ತಣ್ಣಗಿರುತ್ತದೆ ಎಂದಲ್ಲ. ಅಂಗಾಲಿನ ಕಾವನ್ನು ಬಲು ಬೇಗ ಎಳೆದುಕೊಳ್ಳುತ್ತದೆ, ಅಷ್ಟೆ. ಸೆಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಆ ಆತುರವಿಲ್ಲ. ಹಾಗಾದರೆ ನೆಲವನ್ನೇ ಕಾಯಿಸಿದರೆ ಹೇಗೆ? ಈ ಪ್ರಶ್ನೆ ಮನುಷ್ಯನಿಗೆ ಎರಡು ಸಾವಿರ ವರ್ಷಗಳ ಹಿಂದೆಯೇ ಹೊಳೆದಿತ್ತು. ರೋಮನರು ತಮ್ಮ ಸ್ನಾನಗೃಹಗಳ ನೆಲವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗಿನ ಪೊಳ್ಳಿನಲ್ಲಿ ಬೆಂಕಿಯ ಬಿಸಿಹೊಗೆಯನ್ನು ಹರಿಯಬಿಟ್ಟು, ಗೋಡೆಯೊಳಗಿನ ಕೊಳವೆಗಳ ಮೂಲಕ ಅದನ್ನು ಮೇಲಕ್ಕೆ ಕಳುಹುತ್ತಿದ್ದರು. ಅದೇ ವಿದ್ಯೆ ಮುಂದೆ ಪಶ್ಚಿಮ ಏಷ್ಯದ ಹಮಾಮುಗಳಲ್ಲಿ ಉಳಿದು ಬೆಳೆಯಿತು.

ನಮ್ಮ ನೆರೆಗೂ ಹಮಾಮು ಬಂದದ್ದುಂಟು. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳ ನಡುವೆ ಸ್ನಾನಕ್ಕೂ ಸ್ಥಾನವಿದೆ, ಅರಸರ ಮಟ್ಟಿಗೆ ಮೀಯುವುದು ಇಲ್ಲಿ ಆಗಲೇ ಒಂದು ಕಲೆಯಾಗಿತ್ತು. ಬಹಮನಿ ಸುಲ್ತಾನ ಫಿರೋಜ್ ಶಹನು 1400ರ ಸುಮಾರಿಗೆ ಭೀಮಾತೀರದಲ್ಲಿ ಕಟ್ಟಿಸಿದ ಫಿರೋಜಾಬಾದಿನ ಹಮಾಮುಗಳು ದಖ್ಖನ್ನಿನ ಹಳೆಯ ಹಮಾಮುಗಳಲ್ಲಿ ಸೇರಿವೆ. ಬೀದರ ಕೋಟೆಯೊಳಗೂ ಅರಸುಮನೆಯ ಹಮಾಮಿತ್ತು. ಮುಂದೆ ಆ ಕಟ್ಟಡ ವಸ್ತುಸಂಗ್ರಹಾಲಯವಾಯಿತು. ಬೆಂಕಿ ಉರಿಸುವವನು, ನೀರು ಹೊರುವವನು, ಬೂದಿ ತೆಗೆಯುವವನು ಇವರೆಲ್ಲ ಇರುವ ತನಕ ಹಮಾಮು ಬೆಚ್ಚಗಿರುತ್ತದೆ. ರಾಜ್ಯ ಹೋಯಿತು, ಊಳಿಗದವರು ಚದುರಿದರು. ಕಲ್ಲು ಉಳಿಯಿತು, ಕಾವು ಉಳಿಯಲಿಲ್ಲ.

ಅರಸರ ಹಮಾಮಿನ ಸುದ್ದಿಯೇ ಇಲ್ಲದ ಮನೆಗಳು ಚಳಿಗಾಲವನ್ನು ಬೇರೆ ಬಗೆಯಲ್ಲಿ ಕಳೆದವು. ದಪ್ಪ ಗೋಡೆಯ ಮಾಳಿಗೆ ಮನೆ. ಬಚ್ಚಲಿನ ಹಂಡೆಯಡಿ ತೊಗರಿಕಟ್ಟಿಗೆಯ ಉರಿ. ಒಲೆಯಿಂದ ತೆಗೆದ ಕೆಂಡ ತುಂಬಿದ ಶೇಗಡಿ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಒಂದು ಕೈಕೊಟ್ಟರೆ ಇನ್ನೊಂದಿತ್ತು. ಇವೆಲ್ಲಕ್ಕೂ ಮೇಲೆ, ನಿಜವಾಗಿಯೂ ಮೇಲೆ, ಮಾಳಿಗೆಯಲ್ಲಿ ಬೆಳಕಿಂಡಿಯಿತ್ತು. ಹೆಸರು ಬೆಳಕಿನದಾದರೂ ಹೊಗೆ ಹೊರಹೋಗುವ ದಾರಿಯೂ ಅದೇ. ಆ ಮನೆಗಳನ್ನು ಹೊಗಳುವಾಗ ಒಲೆಯ ಮುಂದೆ ಕುಳಿತ ಹೆಂಗಸರ ಕಣ್ಣೂ ಪುಪ್ಪುಸವೂ ತೆತ್ತ ಬೆಲೆಯನ್ನು ಮರೆಯಬಾರದು. ಆದರೂ ಬೆಂಕಿಯಿದ್ದಲ್ಲಿ ಹೊಗೆಗೊಂದು ದಾರಿಯಿರಬೇಕೆಂಬ ತಿಳಿವು ಆ ಕಟ್ಟಡದಲ್ಲೇ ಅಡಕವಾಗಿತ್ತು.

ಈ ತಿಳಿವಿನ ಬೆಲೆಯನ್ನು ಅರಿಯಬೇಕಾದರೆ ಕೊರಿಯ ದೇಶವನ್ನು ನೋಡಬೇಕು. ನೆಲದಡಿಯ ಬೆಂಕಿ ಅಲ್ಲಿ ಜನಸಾಮಾನ್ಯರ ಮನೆಗೂ ಬಂದಿತ್ತು. ‘ಓಂಡೋಲ್’ ಎಂಬ ಆ ಏರ್ಪಾಟಿನಲ್ಲಿ ಅಡುಗೆಯ ಒಲೆಯ ಹೊಗೆ ಕೋಣೆಯ ಹಾಸುಗಲ್ಲುಗಳ ಕೆಳಗೆ ಹರಿದು, ಆಚೆ ಬದಿಯ ಹೊಗೆಗೂಡಿನಿಂದ ಹೊರಬೀಳುತ್ತಿತ್ತು. ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಎಣ್ಣೆ ಹಚ್ಚಿದ ಕಾಗದ. ಅದರ ಮೇಲೆ ಜನ ಕುಳಿತು, ಉಂಡು, ಮಲಗುತ್ತಿದ್ದರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕಟ್ಟಿಗೆಯ ಜಾಗಕ್ಕೆ ಕಲ್ಲಿದ್ದಲ ಬಿಲ್ಲೆ ಬಂತು. ಅಗ್ಗ, ರಾತ್ರಿಯಿಡೀ ಉರಿಯುವಂಥದು. ಆದರೆ ನೆಲದಲ್ಲೊಂದು ಕೂದಲೆಳೆಯ ಬಿರುಕು ಬಿಟ್ಟರೂ ಇಂಗಾಲದ ಮಾನಾಕ್ಸೈಡು ಮೇಲಕ್ಕೆ ಸೂಸುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹೀಮೋಗ್ಲೋಬಿನ್ನಿಗೆ ಪ್ರಾಣವಾಯುವಿಗಿಂತ 200 ಪಟ್ಟಿಗೂ ಮಿಕ್ಕ ಬಿಗಿಯಿಂದ ಅಂಟಿಕೊಳ್ಳುವ ಅನಿಲ ಅದು. ಬೆಚ್ಚಗೆ ಮಲಗಿದ ಎಷ್ಟೋ ಮಂದಿ ಬೆಳಗಿಗೆ ಏಳಲಿಲ್ಲ. ಕಡೆಗೆ ಆ ದೇಶ ನೆಲದಡಿಯಿಂದ ಹೊಗೆಯನ್ನು ತೆಗೆದು, ಕೊಳವೆಗಳಲ್ಲಿ ಬಿಸಿನೀರನ್ನು ಹರಿಸಿತು.

ಇಂದು ಶೀತದೇಶಗಳ ಹಲವು ಮನೆಗಳಲ್ಲಿ ಇರುವುದು ಈ ಬಿಸಿನೀರಿನ ಕೊಳವೆ, ಇಲ್ಲವೆ ವಿದ್ಯುತ್ತಿನ ತಂತಿ. ಓದಿಗೂ ಉದ್ಯೋಗಕ್ಕೂ ಕನ್ನಡನಾಡಿನಿಂದ ಹೊರಟ ತರುಣರು ಅಂಥ ಮನೆಗಳಲ್ಲಿ ಬಾಳುತ್ತಿದ್ದಾರೆ. ನಡುಚಳಿಯಲ್ಲಿ ಒಂದು ರಾತ್ರಿ ಅದು ನಿಂತುಹೋದರೆ?

ಮೊದಲ ಸಮಾಧಾನ ಇದು: ದಪ್ಪ ನೆಲ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಕೆಲವು ಗಂಟೆಗಳ ಬಿಡುವು ಸಿಕ್ಕುತ್ತದೆ. ಆ ಹೊತ್ತಿನಲ್ಲಿ ವಿದ್ಯುತ್ತಿದೆಯೇ, ಉಷ್ಣನಿಯಂತ್ರಕದ ಬ್ಯಾಟರಿ ಸತ್ತಿದೆಯೇ, ನೀರಿನ ಒತ್ತಡ ಇಳಿದಿದೆಯೇ, ಪಂಪು ಸುತ್ತುತ್ತಿದೆಯೇ ಎಂದು ನೋಡಬಹುದು. ಒಂದೇ ಕೋಣೆ ತಣ್ಣಗಾಗಿದ್ದರೆ ಆ ಕೋಣೆಯ ಕವಾಟ ಸಿಕ್ಕಿಕೊಂಡಿರಬಹುದು, ಇಲ್ಲವೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಒತ್ತಡ ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ನೀರು ಸೋರುತ್ತಿದೆ. ಅದು ಬಲ್ಲವರ ಕೆಲಸ. ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಿದ್ದರೆ ಕೊಳವೆಯೊಳಗಿನ ನೀರೂ ಹೆಪ್ಪುಗಟ್ಟಿ ಕೊಳವೆ ಒಡೆದೀತು. ಅವರನ್ನು ಕರೆಸಲು ತಡಮಾಡಬಾರದು.

ಉಳಿದದ್ದು ಕೌದಿಯ ವಿದ್ಯೆ. ಮನೆಯವರೆಲ್ಲ ಒಂದೇ ಕೋಣೆ ಸೇರುವುದು. ಬಾಗಿಲ ಸಂದಿಗೆ ಬಟ್ಟೆ ತುರುಕುವುದು. ನೆಲಕ್ಕೆ ಜಮಖಾನೆ ಹಾಸುವುದು. ನೆಲ ಕಾಯುತ್ತಿದ್ದಾಗ ಕಾವನ್ನು ತಡೆಯುತ್ತದೆಂದು ಸುತ್ತಿಟ್ಟ ಅದೇ ಜಮಖಾನೆ ಈಗ ನೆಲದ ಚಳಿಯನ್ನು ತಡೆಯುತ್ತದೆ. ಎರಡು ಕೌದಿಗಳಿದ್ದರೆ ಒಂದು ಮೈಯ ಕೆಳಗಿರಬೇಕು ಎಂಬುದನ್ನು ನಮ್ಮ ಕಡೆ ಹೊಲ ಕಾಯಲು ಹೋದವನು ಬಲ್ಲ.

ಆದರೆ ಶೇಗಡಿಯ ನೆನಪು ಮಾತ್ರ ಬೇಡ. ಹೊಸ ಮನೆಗೆ ಬೆಳಕಿಂಡಿಯಿಲ್ಲ. ಗಾಳಿ ಒಳಬರದಂತೆ ಬಿಗಿಯಾಗಿ ಮುಚ್ಚುವುದೇ ಅದರ ಹೆಮ್ಮೆ. ಚೆನ್ನಾಗಿ ನಿಗಿನಿಗಿಯೆನ್ನುವ ಕೆಂಡಕ್ಕೆ ಹೊಗೆಯಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬುದು ಬಹು ಹಳೆಯ ಭ್ರಮೆ. ಕಣ್ಣಿಗೆ ಕಾಣದ ಅನಿಲ ಹೆಚ್ಚಾಗಿ ಹುಟ್ಟುವುದು ಅಂಥ ಕೆಂಡದಿಂದಲೇ. ಉತ್ತರ ಹಿಂದುಸ್ಥಾನದಲ್ಲಿ ಚಳಿಗಾಲ ಬಂದಾಗಲೆಲ್ಲ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರ ಸಾವಿನ ವಾರ್ತೆಯನ್ನು ಓದುತ್ತೇವೆ. ಮಾಳಿಗೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಕೊಂಡ ನಮ್ಮ ಊರುಗಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಶೇಗಡಿ ಹಳೆಯ ಮನೆಯಿಂದ ಹೊಸ ಮನೆಗೆ ಬಂದಿದೆ; ಬೆಳಕಿಂಡಿ ಅದರೊಡನೆ ಬಂದಿಲ್ಲ.

ಆದ್ದರಿಂದ ಬಾಣಂತಿಯ ಕೋಣೆಯಲ್ಲಾಗಲಿ, ಮುದುಕರ ಮಂಚದ ಬಳಿಯಲ್ಲಾಗಲಿ ಕೆಂಡ ಇಡಲೇಬೇಕಾದರೆ ಕಿಟಕಿ ತೆರೆದಿರಲಿ, ಯಾರಾದರೊಬ್ಬರು ಎಚ್ಚರವಾಗಿರಲಿ. ತಲೆನೋವು, ಮಂಪರು, ವಾಕರಿಕೆ ತೋರಿದರೆ ಕೂಡಲೇ ಎಲ್ಲರೂ ಹೊರಗಾಳಿಗೆ ಬರಲಿ, ವೈದ್ಯರನ್ನು ಕಾಣಲಿ. ದೀಪ ಆರಿಸಿ ಮಲಗುವ ಮುನ್ನ ಶೇಗಡಿಯನ್ನು ಅಂಗಳಕ್ಕೆ ಸಾಗಿಸಿ, ಕೌದಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಳ್ಳುವುದು ಲೇಸು.