ಸೀಲಿಯಾಕ್: ವರದಿ ಅಸ್ಪಷ್ಟವಾದಾಗ ಏನು ಮಾಡಬೇಕು?

ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯೂ ಸೇರಿದಂತೆ ಚಿಕ್ಕಬಳ್ಳಾಪುರ ಸೀಮೆ ರಾಗಿಮುದ್ದೆಯ ನಾಡು. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಗೋಧಿ, ಬಾರ್ಲಿಗಳಲ್ಲಿರುವ ಈ ಪ್ರೋಟೀನಿನ ವಿರುದ್ಧ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದು ಸಣ್ಣಕರುಳು ಘಾಸಿಗೊಳ್ಳುವುದೇ ಸೀಲಿಯಾಕ್ ಕಾಯಿಲೆ. ದೀರ್ಘಕಾಲದ ಭೇದಿ, ರಕ್ತಹೀನತೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಇದರ ಲಕ್ಷಣಗಳು.

2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉತ್ತರ ಭಾರತದ ಶೇ. 1.23 ವಯಸ್ಕರಲ್ಲಿ, ದಕ್ಷಿಣದ ಶೇ. 0.10 ವಯಸ್ಕರಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಕಂಡುಬಂದವು. ಪೂರಕ ವಂಶವಾಹಿಗಳ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಗೋಧಿಯ ಬಳಕೆಯಲ್ಲಿ ಮಾತ್ರ ಅಜಗಜಾಂತರ.

ರೋಗಪತ್ತೆಯ ತೊಡಕೂ ಇಲ್ಲಿಯೇ ಇದೆ. ಟಿಟಿಜಿ-ಐಜಿಎ ರಕ್ತಪರೀಕ್ಷೆ ಹಾಗೂ ಎಂಡೋಸ್ಕೊಪಿ ಮೂಲಕ ನಡೆಸುವ ಬಯಾಪ್ಸಿ ನಂಬಲರ್ಹವಾಗುವುದು ರೋಗಿ ಗೋಧಿ ಸೇವಿಸುತ್ತಿದ್ದಾಗ ಮಾತ್ರ. ಅನುಮಾನ ಬಂದೊಡನೆ ಚಪಾತಿ ಬಿಟ್ಟು ಮುದ್ದೆಗೆ ಮರಳಿದವರ ಕರುಳು ಕ್ರಮೇಣ ಚೇತರಿಸಿಕೊಳ್ಳುತ್ತದೆ. ಕಾಯಿಲೆಯಿದ್ದರೂ ವರದಿ ‘ನೆಗೆಟಿವ್’ ಬರಬಹುದು.

ವರದಿ ಅಸ್ಪಷ್ಟವಾಗಿದ್ದರೆ ಒಟ್ಟು ಐಜಿಎ ಪ್ರಮಾಣವನ್ನು ನೋಡಬೇಕು. ಅದು ತೀರಾ ಕಡಿಮೆಯಿದ್ದವರಿಗೆ ಐಜಿಜಿ ಆಧಾರಿತ ಪರೀಕ್ಷೆ ಅಗತ್ಯ. ಕರುಳಿನ ಹಾನಿ ಅಲ್ಲಲ್ಲಿ ಮಾತ್ರ ಇರಬಹುದಾದ್ದರಿಂದ ಬಯಾಪ್ಸಿಗೆ ಹಲವು ತುಣುಕುಗಳು ಬೇಕು. ಡಿಕ್ಯೂ2, ಡಿಕ್ಯೂ8 ವಂಶವಾಹಿಗಳೆರಡೂ ಇಲ್ಲದಿದ್ದರೆ ಸೀಲಿಯಾಕ್ ಸಾಧ್ಯತೆ ಬಹುತೇಕ ಇಲ್ಲ. ಇದ್ದಮಾತ್ರಕ್ಕೆ ಕಾಯಿಲೆ ಇದೆಯೆಂದೂ ಅರ್ಥವಲ್ಲ. ಈಗಾಗಲೇ ಗೋಧಿ ಬಿಟ್ಟವರು ವೈದ್ಯರ ನಿಗಾದಲ್ಲಿ ಕೆಲವು ವಾರ ಮತ್ತೆ ಸೇವಿಸಿ ಪರೀಕ್ಷೆಗೆ ಒಳಗಾಗಬೇಕಾಗುತ್ತದೆ.

ಕಾಯಿಲೆ ಖಚಿತವಾದರೆ ಪಥ್ಯ ಜೀವನಪರ್ಯಂತ. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಗೋಧಿಯನ್ನು ತಾವಾಗಿಯೇ ಬಿಡಬಾರದು. ಅನಂತರ ಮುದ್ದೆ ಇದ್ದೇ ಇದೆ. ಹಿಟ್ಟು ಮಾತ್ರ ಗೋಧಿ ಬೀಸುವ ಗಿರಣಿಯದ್ದಾಗಿರಬಾರದು.